ಯಾರೂ ಬೀಳದ ಆಸ್ಪತ್ರೆ

“ಗುರುಗಳೇ, ಎದ್ದೆದ್ದು ಹೋಗುವ ಮುದುಕರನ್ನು ಮಂಚಕ್ಕೆ ಕಟ್ಟಿದರೆ ತಪ್ಪೇನು? ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಅದು ಮೇಲಲ್ಲವೇ?” ಎಂದು ಶುಶ್ರೂಷೆ ಕಲಿಯುತ್ತಿದ್ದ ಶಿಷ್ಯೆ ಕೇಳಿದಳು. ಅವಳ ವಾರ್ಡಿನ ಅಜ್ಜಿಯೊಬ್ಬಳು ಬೆಳಗಿನಿಂದ ಮಂಚ ಇಳಿಯುತ್ತಲೇ ಇದ್ದಳು. ಶಿಷ್ಯೆಯ ಕೈಯಲ್ಲಿ ಬ್ಯಾಂಡೇಜಿನ ಸುರುಳಿ ಸಿದ್ಧವಾಗಿತ್ತು.

ಬಡಾಯಿ ಕೊಚ್ಚದೆ ಗುರುವಿನ ಪಾಠ ಶುರುವಾಗುತ್ತಿರಲಿಲ್ಲ.

“ನೋಡು ಮಗಳೇ, ನಾನು ಸೂಜಿ ಚುಚ್ಚುವುದನ್ನು ನೋಡಿ ಕಲಿಯಲು ಸೊಳ್ಳೆಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಾನು ಎಳೆದು ಹಾಸಿದ ಹಾಸಿಗೆಯ ಮೇಲೆ ಇರುವೆ ಕಾಲಿಟ್ಟರೆ ಜಾರಿ ಬೀಳುತ್ತಿತ್ತು. ಅಂಥ ನಾನೂ ಬಡಾಯಿಯಲ್ಲಿ ಒಬ್ಬನಿಗೆ ಸೋತಿದ್ದೇನೆ. ಕೇಳು.”

ಒಬ್ಬ ಯಜಮಾನ ವಯಸ್ಸಾದವರಿಗೆಂದೇ ಆಸ್ಪತ್ರೆ ನಡೆಸುತ್ತಿದ್ದ. ‘ಇಲ್ಲಿ ಇಂದಿನವರೆಗೆ ಒಬ್ಬರೂ ಬಿದ್ದಿಲ್ಲ’ ಎಂದು ಬಾಗಿಲ ಮೇಲೆಯೇ ಬರೆಸಿದ್ದ. ಅಲ್ಲಿಗೆ ಒಬ್ಬ ಮುದಿ ಕುಂಬಾರ ಬಂದ. ಮಡಕೆ ಸುಡುವಾಗ ಅವನ ಒಂದು ತೋಳು ಬೆಂದಿತ್ತು. ಕಾಲಿಗೆ ಏನೂ ಆಗಿರಲಿಲ್ಲ. ಜೀವಮಾನವೆಲ್ಲ ಮಣ್ಣು ತುಳಿದ ಕಾಲು ಅದು. ಹೆಂಡತಿಗಿಂತ ಮುಂದೆ ಮುಂದೆ ನಡೆದೇ ಒಳಗೆ ಬಂದಿದ್ದ.

ಸಂಜೆ ಅವನು ಮಂಚ ಇಳಿಯಲು ಹೋದ. ದಾದಿ ಓಡಿ ಬಂದಳು.

“ಎಲ್ಲಿಗೆ ತಾತ?”

“ಬಚ್ಚಲಿಗೆ ಕಣವ್ವ.”

“ಡೈಪರ್ ಹಾಕಿದೀನಲ್ಲ, ಅದರಲ್ಲೇ ಮಾಡಿ. ನೀವು ಬಿದ್ದರೆ ನನ್ನ ಕೆಲಸ ಹೋಗುತ್ತೆ.”

“ನಾನೇನು ಕೂಸೇನವ್ವ? ಒಂದು ಕೈ ಹಿಡಿ, ಸಾಕು.”

ದಾದಿ ಕೈ ಹಿಡಿದಳು. ಹಿಡಿದು ಮಂಚದ ಸರಳಿಗೆ ಕಟ್ಟಿದಳು. ಅವಳೇನು ಕೆಟ್ಟವಳಲ್ಲ. ಚರ್ಮ ಒತ್ತದ ಹಾಗೆ, ಹತ್ತಿ ಇಟ್ಟು, ಮೆತ್ತಗೆ ಗಂಟು ಹಾಕಿದಳು. ಆ ಹತ್ತಿಯನ್ನು ನೆನೆದರೇ ನನಗೆ ಮೈ ಉರಿಯುತ್ತದೆ.

ಮರುದಿನ ಕುಂಬಾರ ಕೂಗಾಡಿದ. ಅರಳುಮರಳು ಎಂದು ನಿದ್ದೆಯ ಔಷಧ ಕೊಟ್ಟರು. ಆಮೇಲೆ ಅವನು ಕೂಗಲಿಲ್ಲ. ಬಚ್ಚಲನ್ನು ಕೇಳಲೂ ಇಲ್ಲ. ದಿನ ಕಳೆದಂತೆ ತೋಳು ಮಾಯಿತು. ಬೆನ್ನ ಕೆಳಗೆ ಹೊಸ ಹುಣ್ಣು ಎದ್ದಿತು. ಅದರ ಬಗ್ಗೆ ಬಾಗಿಲ ಮೇಲೆ ಏನೂ ಬರೆದಿರಲಿಲ್ಲ.

ಕರೆದೊಯ್ಯಲು ಹೆಂಡತಿ ಅವನ ಚಪ್ಪಲಿ ಹಿಡಿದು ಬಂದಳು. ಕಟ್ಟು ಬಿಚ್ಚಿದರು. ಕುಂಬಾರ ಕಾಲನ್ನು ನೆಲಕ್ಕೆ ಇಟ್ಟ. ಕಾಲು ನಿಲ್ಲಲಿಲ್ಲ. ಮತ್ತೆ ಇಟ್ಟ. ನಿಲ್ಲಲಿಲ್ಲ.

“ಅವಸರ ಬೇಡಮ್ಮ, ಗಾಲಿಕುರ್ಚಿ ತರಿಸುತ್ತೇನೆ. ಒಂದು ಸಲವೂ ಬೀಳದ ಹಾಗೆ ನೋಡಿಕೊಂಡಿದ್ದೇವೆ” ಎಂದ ಯಜಮಾನ.

ಹೆಂಡತಿ ಆ ಚಪ್ಪಲಿಗಳನ್ನು ಯಜಮಾನನ ಮೇಜಿನ ಮೇಲೆ ಇಟ್ಟಳು. “ತೋಳು ವಾಸಿ ಮಾಡಿ ಅಂತ ಬಿಟ್ಟು ಹೋದರೆ ಕಾಲು ಇಟ್ಟುಕೊಂಡಿರಲ್ಲ ಸ್ವಾಮಿ. ಇವನ್ನೂ ನೀವೇ ಇಟ್ಟುಕೊಳ್ಳಿ” ಎಂದಳು.

ಗುರು ಕತೆ ನಿಲ್ಲಿಸಿದ. ಸೊಳ್ಳೆಗಳ ಮಾತಾಡಿದ ಬಾಯಿಯಲ್ಲಿ ಈಗ ನಗು ಇರಲಿಲ್ಲ.

ಶಿಷ್ಯೆ ಬ್ಯಾಂಡೇಜನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, “ಆದರೂ ಗುರುಗಳೇ, ಯಜಮಾನ ಬರೆಸಿದ್ದು ಸುಳ್ಳಲ್ಲವಲ್ಲ. ಅಲ್ಲಿ ಯಾರೂ ಬಿದ್ದಿರಲಿಲ್ಲ” ಎಂದಳು.

“ಸ್ಮಶಾನದಲ್ಲೂ ಯಾರೂ ಬೀಳುವುದಿಲ್ಲ” ಎಂದ ಗುರು.