ಆಚೆ ದಡಕ್ಕೆ ಮುಟ್ಟುವ ದನಿ

“ಗುರುಗಳೇ, ಗೆಲ್ಲಬೇಕಾದವನು ಮತ್ತೆ ಮತ್ತೆ ಸೋತರೆ, ಅವನನ್ನು ನಂಬಿ ಕೂತವನು ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

ಶಿಷ್ಯನಿಗೆ ಸಿಟ್ಟು ಬಂದು ಮೂರು ದಿನವಾಗಿತ್ತು. ಅವನ ಜೊತೆಗಾರನೊಬ್ಬ ಪ್ರವಚನಕ್ಕೆ ನಿಂತಾಗಲೆಲ್ಲ ತೊದಲುತ್ತಿದ್ದ. ಇವನು ಪ್ರತಿ ಸಲವೂ ಮುಂದಿನ ಸಾಲಿನಲ್ಲೇ ಕೂತು, ಮುಂದಿನ ಪದವನ್ನು ತುಟಿಯಲ್ಲೇ ಆಡಿ ತೋರಿಸುತ್ತಿದ್ದ. ಜೊತೆಗಾರ ಇವನ ತುಟಿ ನೋಡುತ್ತಿದ್ದ. ಆಮೇಲೆ ಇನ್ನಷ್ಟು ತೊದಲುತ್ತಿದ್ದ.

ಗುರು ಹೇಳಿದ: “ಒಂದು ಕತೆ ಕೇಳು. ಇದನ್ನು ನನಗೆ ಹೇಳಿದವನು ದೊಡ್ಡ ಸುಳ್ಳುಗಾರ. ಆದರೆ ಈ ಕತೆ ಹೇಳುವಾಗ ಅವನಿಗೆ ಅವಸರವಿತ್ತು. ಸುಳ್ಳು ಸೇರಿಸಲು ಪುರುಸೊತ್ತು ಸಿಕ್ಕಿರಲಾರದು.”

ಒಂದು ಹೊಳೆ. ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಒಂದು ಊರು. ನಡುವೆ ಒಬ್ಬ ಅಂಬಿಗ. ಅವನದೊಂದು ದೊಡ್ಡ ಹರಿಗೋಲು. ಅಂಬಿಗ ಈಚೆ ಊರಿನವನು.

ಎರಡು ಊರಿಗೂ ಚಿನ್ನಿದಾಂಡಿನ ಹುಚ್ಚು. ಮಕ್ಕಳು ಬೀದಿಯಲ್ಲಿ ಆಡಿ, ಅಮ್ಮ ಕೂಗಿದಾಗ ಬಿಟ್ಟು ಓಡುವ ಆಟವಲ್ಲ ಅದು. ಒಂದೊಂದು ಊರೂ ಒಂಬತ್ತು ಜನರ ತಂಡವನ್ನು ಸಾಕಿತ್ತು. ಊರ ಕಣಜದಿಂದ ಅವರಿಗೆ ರಾಗಿ, ವರ್ಷಕ್ಕೆ ಎರಡು ಜೊತೆ ಪಂಚೆ. ಅವರು ಹೊಲಕ್ಕೆ ಹೋಗುತ್ತಿರಲಿಲ್ಲ, ಅಂಗಡಿ ಇಡುತ್ತಿರಲಿಲ್ಲ. ಆಡುವುದೇ ಅವರ ಕಸುಬು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ಪಂದ್ಯ. ಆಚೆ ದಡವೆಲ್ಲ ಬಂಡೆಯಾದ್ದರಿಂದ ಪಂದ್ಯ ಯಾವಾಗಲೂ ಈಚೆ ಊರಿನ ಬಯಲಿನಲ್ಲಿ.

ಈಚೆ ಊರಿನವರು ಏಳು ವರ್ಷದಿಂದ ಸೋಲುತ್ತಿದ್ದರು. ಎಂಟು ವರ್ಷ ಎನ್ನುವವರೂ ಇದ್ದಾರೆ. ಅವರು ಆಚೆ ಊರಿನವರು.

ಆ ಸೋಲು ಊರಿಗೆಲ್ಲ ಒಂದು ದಿನದ ದುಃಖ. ಅಂಬಿಗನಿಗೆ ಮಾತ್ರ ವರ್ಷವಿಡೀ ಮೈಗೆ ಹತ್ತಿದ ಮುಳ್ಳು. ಯಾಕೆಂದರೆ ಗೆದ್ದವರನ್ನು ಅವನೇ ತನ್ನ ಹರಿಗೋಲಿನಲ್ಲಿ ಕೂರಿಸಿಕೊಂಡು ಮನೆಗೆ ಮುಟ್ಟಿಸಬೇಕಾಗಿತ್ತು. ಅವರು ದಾರಿಯುದ್ದಕ್ಕೂ ಹಾಡುತ್ತಿದ್ದರು. ಇವನು ಹುಟ್ಟು ಹಾಕುತ್ತಿದ್ದ. ಹಾಡಿನ ತಾಳಕ್ಕೆ ತನ್ನ ಹುಟ್ಟು ಸೇರಿಬಿಡಬಾರದೆಂದು ಬೇಕೆಂದೇ ತಪ್ಪಿಸಿ ಹಾಕುತ್ತಿದ್ದ.

ಮನೆಗೆ ಬಂದು ಉಣ್ಣದೆ ಕೂರುತ್ತಿದ್ದ. ಹೆಂಡತಿ ತಟ್ಟೆಯನ್ನು ಅವನ ಮುಂದೆ ತಳ್ಳುತ್ತಿದ್ದಳು.

“ಅವರು ಸೋತದ್ದಕ್ಕೆ ನನ್ನ ಮುದ್ದೆ ಏನು ಮಾಡಿತ್ತು? ಅವರೇನು ನಿಮಗೆ ಅಣ್ಣತಮ್ಮಂದಿರಾ?”

“ಅಣ್ಣತಮ್ಮಂದಿರಾಗಿದ್ದರೆ ಎಂದೋ ಭಾಗ ಮಾಡಿಕೊಂಡು ಬೇರೆ ಆಗಿರುತ್ತಿದ್ದೆ ಕಣೇ. ಇವರನ್ನು ಬಿಡೋದಕ್ಕೆ ಆಗೋದಿಲ್ಲ.”

ಅಂಬಿಗನಿಗೆ ಎರಡು ಹೆಚ್ಚುಗಾರಿಕೆ ಇದ್ದವು. ಒಂದು, ಅವನ ಕಣ್ಣು. ಸೆಳೆತ ಎಲ್ಲಿದೆ, ಬಂಡೆ ಎಲ್ಲಿದೆ, ದಾರಿ ಎಲ್ಲಿ ತೆರೆದಿದೆ ಎಂದು ನೀರನ್ನು ನೋಡಿ ನೋಡಿ ಪಳಗಿದ ಕಣ್ಣು. ಅದೇ ಕಣ್ಣಿನಿಂದ ಬಯಲನ್ನು ನೋಡಿದರೆ, ಹಿಡಿಯುವವರು ಒಂಬತ್ತು ಜನ ಚದುರಿ ನಿಂತಿದ್ದರೂ ಯಾವ ಜಾಗ ಖಾಲಿ ಎಂಬುದು ಅವನಿಗೆ ತಟ್ಟನೆ ಕಾಣುತ್ತಿತ್ತು. ಇನ್ನೊಂದು, ಅವನ ದನಿ. ಆಚೆ ದಡದಲ್ಲಿ ನಿಂತವರನ್ನು ಈಚೆ ದಡದಿಂದ ಕೂಗಿ ಕೂಗಿ ಬೆಳೆದ ದನಿ.

ಪಂದ್ಯದ ದಿನ ಅವನು ಹೊಂಗೆಮರದ ಕೆಳಗೆ ಕೂರುತ್ತಿದ್ದ. ಹೊಡೆಯುವವನು ಕುಣಿಯ ಮೇಲಿಟ್ಟ ಚಿನ್ನಿಯ ತುದಿಗೆ ದಾಂಡಿನಿಂದ ತಟ್ಟುತ್ತಿದ್ದ. ಚಿನ್ನಿ ಮೇಲಕ್ಕೆ ಹಾರುತ್ತಿತ್ತು. ಅಷ್ಟರಲ್ಲಿ ಅಂಬಿಗ ಕೂಗುತ್ತಿದ್ದ: “ಬೇಲಿ ಕಡೆ!” ಹೊಡೆಯುವವನು ಬೇಲಿ ಕಡೆಗೇ ಬೀಸುತ್ತಿದ್ದ. ಚಿನ್ನಿ ಸೊಗಸಾಗಿ ಹೋಗಿ, ಬೇಲಿಯ ಹತ್ತಿರ ಕೈಯೊಡ್ಡಿ ನಿಂತಿದ್ದವನ ಬೊಗಸೆಯಲ್ಲಿ ಕೂರುತ್ತಿತ್ತು. ಹೊಡೆದವನು ಔಟು.

“ಖಾಲಿ ಇತ್ತಲ್ಲೋ,” ಎಂದು ಅಂಬಿಗ ತಲೆ ಚಚ್ಚಿಕೊಳ್ಳುತ್ತಿದ್ದ. “ಈಗ ತಾನೇ ಖಾಲಿ ಇತ್ತು. ಸೋಮಾರಿಗಳಾ, ಕೈ ಬೇಗ ಬರೋದಿಲ್ಲ ನಿಮಗೆ. ತಿಂದ ರಾಗಿ ಎಲ್ಲಿಗೆ ಹೋಯಿತು?”

ಹೀಗೆ ಏಳು ವರ್ಷ.

ಎಂಟನೆಯ ವರ್ಷ ಊರಿನ ಹಿರಿಯರು ಕೂತು ಮಾತಾಡಿದರು. ಈ ಸಲವೂ ಸೋತರೆ ತಂಡವನ್ನು ಬಿಡಿಸಿ ಕಳಿಸುವುದು, ಬಯಲನ್ನು ಇಟ್ಟಿಗೆ ಸುಡುವವರಿಗೆ ಕೊಡುವುದು ಎಂದು ತೀರ್ಮಾನವಾಯಿತು. ಕೇಳಿ ಅಂಬಿಗನ ಎದೆಗೆ ಕಲ್ಲು ಬಿದ್ದಂತಾಯಿತು. ಆ ಒಂಬತ್ತು ಜನರನ್ನು ಅವನಷ್ಟು ಬೈದವರು ಊರಿನಲ್ಲಿ ಬೇರೆ ಇರಲಿಲ್ಲ. ಅವರು ಹೋಗಿಬಿಡುತ್ತಾರೆ ಎಂದು ಅವನಷ್ಟು ಹೆದರಿದವರೂ ಇರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಆಚೆ ದಡದಿಂದ ಎದುರಾಳಿ ತಂಡವನ್ನು ಹತ್ತಿಸಿಕೊಂಡ. ಅವರ ನಾಯಕ ಮಡಿಲಿನಿಂದ ಒಂದು ಎಲೆಯ ಪೊಟ್ಟಣ ತೆಗೆದು ಅಂಬಿಗನ ಕೈಗಿತ್ತ. ಬಿಚ್ಚಿದರೆ ಶುಂಠಿ, ಬೆಲ್ಲ.

“ಗಂಟಲು ಹೇಗಿದೆ ಅಂಬಿಗಣ್ಣ? ಹೋದ ವಾರ ಕೆಮ್ಮು ಬಂದಿತ್ತಂತೆ. ನಮ್ಮ ಊರಿಗೆ ಊರೇ ಚಿಂತೆ ಮಾಡಿತು.”

ತನ್ನ ಹೆಂಡತಿ ಕೂಡ ಆ ಕೆಮ್ಮಿನ ಬಗ್ಗೆ ವಿಚಾರಿಸಿರಲಿಲ್ಲ ಎಂದು ಅಂಬಿಗ ಯೋಚಿಸಿದ. ಬೆಲ್ಲ ಬಾಯಿಗೆ ಹಾಕಿಕೊಂಡ. ಆಗ ಹಿಂದೆ ಕೂತಿದ್ದ ವಯಸ್ಸಾದ ಆಟಗಾರನೊಬ್ಬ ನಗೆ ತಡೆಯಲಾರದೆ ಅಂದ: “ಮತ್ತೆ? ಇವನ ಗಂಟಲು ಕಟ್ಟಿಬಿಟ್ಟರೆ ನಾವು ಎತ್ತ ಓಡೋದು?”

ನಾಯಕ ಅವನ ಪಕ್ಕೆಗೆ ತಿವಿದ. ಹರಿಗೋಲಿನಲ್ಲಿ ಎಲ್ಲರೂ ಒಮ್ಮೆಗೇ ನೀರು ನೋಡತೊಡಗಿದರು.

ಅಂಬಿಗ ಹುಟ್ಟನ್ನು ನೀರಿನಿಂದ ಮೇಲೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಹುಟ್ಟು ಬಿಟ್ಟ ಹರಿಗೋಲು ಏನು ಮಾಡುತ್ತದೆ? ಸುತ್ತುತ್ತದೆ. ಸುತ್ತುತ್ತಲೇ ಕೆಳಗಿನ ಬಂಡೆಗಳ ಕಡೆಗೆ ಜಾರತೊಡಗಿತು.

“ಏನಂದಿರಿ?” ಎಂದ ಅಂಬಿಗ.

“ಏನಿಲ್ಲ ಅಣ್ಣ. ಹುಟ್ಟು ಹಾಕು.”

“ಹೇಳಿದ ಮೇಲೆ ಹಾಕ್ತೀನಿ.”

ಬಂಡೆಗೆ ನೀರು ಬಡಿಯುವ ಸದ್ದು ಹತ್ತಿರವಾಯಿತು. ಎದುರಾಳಿ ನಾಯಕ ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಹಾಕು ಮಾರಾಯ, ಹೇಳ್ತೀನಿ. ನೀನು ಬೇಲಿ ಕಡೆ ಅಂತ ಕೂಗ್ತೀಯ. ಅವನು ದಾಂಡು ಬೀಸೋ ಹೊತ್ತಿಗೆ ನಮ್ಮವನು ಓಡಿ ಬೇಲಿ ಹತ್ತಿರ ನಿಂತಿರ್ತಾನೆ. ಬಾವಿ ಕಡೆ ಅಂತೀಯ, ನಾವು ಬಾವಿ ಕಡೆ. ನಿನ್ನದು ಹೊಳೆ ದಾಟೋ ದನಿ ಅಣ್ಣ. ಬಯಲು ದಾಟೋದು ಅದಕ್ಕೆ ಯಾವ ಲೆಕ್ಕ? ನಿಮ್ಮವರು ಕೆಟ್ಟ ಆಟಗಾರರಲ್ಲ. ನೀನು ನಮಗೆ ಒಳ್ಳೆಯ ಆಟಗಾರ.”

ಅಂಬಿಗ ಹುಟ್ಟು ಹಾಕಿದ. ಬಂಡೆ ಒಂದು ಮೊಳ ಪಕ್ಕದಲ್ಲಿ ಹಾದುಹೋಯಿತು. ಬಾಯಲ್ಲಿದ್ದ ಬೆಲ್ಲವನ್ನು ಹೊಳೆಗೆ ಉಗಿದ.

ದಡ ಮುಟ್ಟಿದವನೇ ನೇರವಾಗಿ ತನ್ನ ಊರಿನ ತಂಡದ ಬಳಿಗೆ ಓಡಿದ. ತಂಡದಲ್ಲೆಲ್ಲ ಗಟ್ಟಿ ಕೈಯ ಹೊಡೆತಗಾರನೊಬ್ಬನಿದ್ದ. ಅವನು ಯಾವಾಗಲೂ ಕೊನೆಗೆ ಆಡುತ್ತಿದ್ದವನು. ಅಂಬಿಗ ಅವನ ರಟ್ಟೆ ಹಿಡಿದು ಮರೆಗೆ ಎಳೆದುಕೊಂಡು ಹೋದ.

“ನನ್ನ ದನಿ ಅವರಿಗೆ ಕೇಳುತ್ತೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಬೊಗಳೋದಕ್ಕೇನಾಗಿತ್ತು?”

“ನಾಲ್ಕು ಸಲ ಹೇಳೋಕೆ ಬಂದೆ ಅಣ್ಣ. ನೀನು ಬಾಯಿ ಮುಚ್ಚಿದ್ದು ಯಾವಾಗ?”

ಅಂಬಿಗ ಅವನ ರಟ್ಟೆ ಬಿಟ್ಟ. ಆಮೇಲೆ ಅವನ ಕಣ್ಣು ಹೊಳೆಯಿತು. “ಹಾಗಾದರೆ ಇವತ್ತು ನಾನು ಉಲ್ಟಾ ಕೂಗ್ತೀನಿ. ನಾನು ಬಾವಿ ಅಂದರೆ ನೀನು ಬೇಲಿ ಕಡೆ ಹೊಡಿ. ಆ ನನ್ನ ಮಕ್ಕಳು ಬಾವಿಗೆ ಬೀಳಲಿ.”

ಹೊಡೆತಗಾರ ತಲೆಯಾಡಿಸಿದ. “ಆಗೋದಿಲ್ಲ. ಚಿನ್ನಿ ಗಾಳಿಯಲ್ಲಿದ್ದಾಗ ನಿನ್ನ ದನಿ ಬಿದ್ದರೆ ಕೈ ತಾನಾಗೇ ಆ ಕಡೆ ಹೋಗುತ್ತೆ. ಏಳು ವರ್ಷದ ಅಭ್ಯಾಸ. ನನ್ನ ಕೈ ಈಗ ನನ್ನ ಮಾತು ಕೇಳೋದಿಲ್ಲ.”

ಅಂಬಿಗ ಹೋಗಿ ಹೊಂಗೆಮರದ ಕೆಳಗೆ ಕೂತ. ನಾಲ್ಕು ವೀಳ್ಯದೆಲೆ ಮಡಚಿ ಒಟ್ಟಿಗೇ ಬಾಯಿಗೆ ತುರುಕಿಕೊಂಡ. ಮೇಲೆ ಎರಡು ಅಡಿಕೆ. ಕೂಗಬೇಕೆಂದರೂ ಜಾಗವಿಲ್ಲದ ಹಾಗೆ.

ಆಟ ಶುರುವಾಯಿತು. ಆಚೆಯವರು ಮೊದಲು ಆಡಿದರು. ಆಮೇಲೆ ಈಚೆಯವರು ದಾಂಡು ಹಿಡಿದರು. ಚಿನ್ನಿ ಹಾರಿತು, ಮರದ ಕೆಳಗಿನಿಂದ ಸದ್ದಿಲ್ಲ. ಎದುರಾಳಿಗಳು ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಟ್ಟು ತಬ್ಬಿಬ್ಬಾದರು. ಈಚೆಯವರೂ ತಬ್ಬಿಬ್ಬಾದರು. ಕೆಲವರು ಹೇಗೋ ಹೊಡೆದರು, ಕೆಲವರು ಗಾಳಿಗೆ ಬೀಸಿದರು. ಊರಿನವರು ಮರದ ಕಡೆ ತಿರುಗಿ ನೋಡತೊಡಗಿದರು. ಅಂಬಿಗನಿಗೆ ಲಕ್ವ ಹೊಡೆದಿದೆ ಎಂದು ಯಾರೋ ಹೇಳಿದರು. ಅದು ಹೆಂಗಸರ ಸಾಲು ಮುಟ್ಟುವ ಹೊತ್ತಿಗೆ ಅವನು ಬದುಕುವುದು ಕಷ್ಟ ಎಂದಾಗಿತ್ತು. ಹೆಂಡತಿ ಎದ್ದು ನೋಡಿ, ದವಡೆ ಆಡುವುದನ್ನು ಕಂಡು ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಈಚೆಯವರಲ್ಲಿ ಎಂಟು ಜನ ಔಟಾಗಿ, ಆ ಕೊನೆಯ ಹೊಡೆತಗಾರ ಒಬ್ಬನೇ ಉಳಿದ. ಲೆಕ್ಕದಲ್ಲಿ ಈಚೆಯವರು ಒಂದೇ ಒಂದು ಹೊಡೆತದಷ್ಟು ಹಿಂದಿದ್ದರು. ಬಯಲಿನ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಯಾರ ಕೈಗೂ ಸಿಗದೆ ಚಿನ್ನಿ ಆ ಗೆರೆ ದಾಟಿದರೆ ಗೆಲುವು. ಇಲ್ಲವಾದರೆ ತಂಡವೂ ಇಲ್ಲ, ಬಯಲೂ ಇಲ್ಲ. ಅವನಿಗಿದ್ದದ್ದು ಮೂರು ಅವಕಾಶ.

ಮೊದಲ ಸಲ ತಟ್ಟಿದ. ಚಿನ್ನಿ ಎದೆಯೆತ್ತರಕ್ಕೆ ಹಾರಿತು. ಹೊಡೆತಗಾರ ಚಿನ್ನಿಯನ್ನು ನೋಡಲಿಲ್ಲ; ಹೊಂಗೆಮರದ ಕಡೆ ನೋಡಿದ. ದಾಂಡು ಗಾಳಿ ಸೀಳಿತು. ಚಿನ್ನಿ ಅವನ ಕಾಲ ಬಳಿ ಬಿತ್ತು.

ಅಂಬಿಗನಿಗೆ ಬಾವಿಯ ಕಡೆ ಖಾಲಿ ಕಾಣುತ್ತಿತ್ತು. ಒಂದು ಎತ್ತಿನಗಾಡಿ ತಿರುಗಿಸುವಷ್ಟು ಖಾಲಿ. ಅವನ ಕತ್ತಿನ ನರ ಉಬ್ಬಿತು. ಎಲೆಯನ್ನು ಕಚ್ಚಿ ಹಿಡಿದ.

ಎರಡನೆಯ ಸಲವೂ ಹಾಗೆಯೇ. ಕಣ್ಣು ಮರದ ಕಡೆ, ದಾಂಡು ಗಾಳಿಗೆ.

ಈಗ ಊರಿನವರು ತಡೆಯಲಾರದೆ ಅಂಬಿಗನನ್ನು ಮುತ್ತಿಕೊಂಡರು. “ಹೇಳೋ ಅಂಬಿಗ. ಒಂದು ಮಾತು ಹೇಳೋ. ಅವನು ನಿನ್ನನ್ನೇ ನೋಡ್ತಿದ್ದಾನೆ.” ಹಿರಿಯನೊಬ್ಬ ಕೈ ಮುಗಿದ. ಅತ್ತ ಎದುರಾಳಿಗಳು ಒಂಬತ್ತು ಜನವೂ ಮೊಣಕಾಲು ಬಗ್ಗಿಸಿ, ಕಿವಿ ಇತ್ತ ಕೊಟ್ಟು, ಓಡಲು ತಯಾರಾಗಿ ನಿಂತಿದ್ದರು. ನಡುವೆ ಹೊಡೆತಗಾರ, ಹೊಳೆಯ ಆಚೆ ದಡದಲ್ಲಿ ನಿಂತು ಹರಿಗೋಲಿಗೆ ಕಾಯುವವನ ಹಾಗೆ.

ಅಂಬಿಗ ಎದ್ದು ನಿಂತ. ಬಾಯಲ್ಲಿದ್ದುದನ್ನೆಲ್ಲ ಉಗಿದ. ಹೊಡೆತಗಾರನ ಮುಖ ಅರಳಿದ್ದು ಅಷ್ಟು ದೂರದಿಂದಲೂ ಕಂಡಿತು. ಅಂಬಿಗ ಬಾಯಿ ತೆರೆದ. ಕೂಗಿದರೆ ಆಚೆಯವರು ಓಡಿ ಅಲ್ಲಿರುತ್ತಾರೆ. ಕೂಗದೆ ಇಲ್ಲಿ ಕೂತರೆ ಇವನು ನನ್ನನ್ನೇ ನೋಡುತ್ತಾನೆ, ಎಂದುಕೊಂಡ.

ಅವನು ಬಾಯಿ ಮುಚ್ಚಿದ. ಬಯಲಿಗೆ ಬೆನ್ನು ಹಾಕಿದ. ಸುತ್ತ ನಿಂತವರನ್ನು ಎರಡೂ ಕೈಯಿಂದ ಸರಿಸಿ ಹೊಳೆಯ ಕಡೆ ನಡೆದ. ಹಿಂದಿನಿಂದ ಹೊಡೆತಗಾರ “ಅಣ್ಣಾ” ಎಂದು ಕರೆದದ್ದು ಕೇಳಿತು. ಕಾಲು ಒಂದು ಕ್ಷಣ ತಡೆಯಿತು. ಮತ್ತೆ ನಡೆಯಿತು. ಯಾರೋ ದ್ರೋಹಿ ಎಂದರು. ಇನ್ಯಾರೋ ಒಂದು ಮಣ್ಣಿನ ಹೆಂಟೆ ಎಸೆದರು. ಅದು ಅವನ ಬೆನ್ನಿಗೆ ಬಿದ್ದು ಒಡೆಯಿತು.

ಇಳಿಜಾರಿಗೆ ಬಂದಾಗ ಹಿಂದೆ ಎಲ್ಲವೂ ನಿಶ್ಶಬ್ದವಾಯಿತು. ದಾಂಡು ಚಿನ್ನಿಗೆ ತಟ್ಟಿದ ಸಣ್ಣ ಸದ್ದು. ಆಮೇಲೆ, ಮರಕ್ಕೆ ಮರ ತಾಗಿದ ಗಟ್ಟಿ ಸದ್ದು. ಆಮೇಲೆ ಬಯಲು ಒಟ್ಟಿಗೇ ಬೊಬ್ಬೆ ಹಾಕಿತು. ಬೆನ್ನ ಹಿಂದಿನಿಂದ ಕೇಳಿದರೆ ಈಚೆ ಊರಿನ ಬೊಬ್ಬೆಗೂ ಆಚೆ ಊರಿನ ಬೊಬ್ಬೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಬಿಗ ನೀರಿಗಿಳಿದು ಹರಿಗೋಲಿನ ಹಗ್ಗ ಬಿಚ್ಚಿದ. ಹುಟ್ಟು ಹಿಡಿದು, ಮುಖ ಆಚೆ ದಡಕ್ಕೆ ಮಾಡಿ, ಜನ ಬರಲಿ ಎಂದು ಕೂತ.

ಗುರು ಇಲ್ಲಿಗೆ ನಿಲ್ಲಿಸಿ ನೀರು ಕುಡಿದ. ಚೊಂಬನ್ನು ಕೆಳಗಿಟ್ಟ. ಮತ್ತೆ ಮಾತಾಡುವ ಲಕ್ಷಣ ಕಾಣಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಚಿನ್ನಿ ಗೆರೆ ದಾಟಿತೇ, ಗುರುಗಳೇ? ಗೆದ್ದರೇ?”

“ಅಂಬಿಗನೇ ತಿರುಗಿ ನೋಡಲಿಲ್ಲ, ನೀನು ಯಾಕೆ ನೋಡುತ್ತೀಯ?” ಎಂದ ಗುರು.