ಕೌಲಿ ಕೂಗಿದ್ದು

ಮುದಿ ಹಸುಗಳ ಕೊಟ್ಟಿಗೆಯನ್ನು ಒಂದು ನಾಯಿ ಕಾಯುತ್ತಿತ್ತು. ಒಂದು ಬೆಳಿಗ್ಗೆ ಕೌಲಿ ಎಂಬ ಹಸು ತನ್ನ ತಾಯಿಯನ್ನು ನೋಡಲು ಅಲ್ಲಿಗೆ ಬಂತು.

“ನಿಮ್ಮ ಹಟ್ಟಿಯಲ್ಲಿ ಕಾಲುಬಾಯಿ ಜ್ವರವಂತೆ. ಒಳಗೆ ಬಿಡಲಾರೆ,” ಎಂದಿತು ನಾಯಿ.

“ಜ್ವರ ಬಂದಿರುವುದು ಎತ್ತಿಗೆ. ನನಗೆ ಸ್ವಲ್ಪ ಜೊಲ್ಲು ಸುರಿಯುತ್ತಿದೆ, ಅಷ್ಟೆ. ಅವ್ವನ ಮುಖ ಒಮ್ಮೆ ನೆಕ್ಕಿ ಹೊರಟುಬಿಡುತ್ತೇನೆ. ಹೆತ್ತವಳನ್ನು ಮುಟ್ಟಲೂ ನಿನ್ನ ಅಪ್ಪಣೆ ಬೇಕೆ?”

“ರೋಗವಿರುವುದೇ ಆ ಜೊಲ್ಲಿನಲ್ಲಿ. ನೀನು ಗಟ್ಟಿಗಿತ್ತಿ, ತಡೆದುಕೊಳ್ಳುತ್ತೀಯೆ. ಒಳಗಿರುವ ಮುದುಕಿಯರು ತಡೆಯಲಾರರು.”

“ಹಾಗಾದರೆ ಬಂದ ದಾರಿಯಲ್ಲೇ ಹೋಗುತ್ತೇನೆ,” ಎಂದು ಕೌಲಿ ಮುನಿಸಿಕೊಂಡು ತಿರುಗಿತು.

ನಾಯಿ ಓಡಿಬಂದು ಅಡ್ಡ ನಿಂತಿತು. “ಹೋಗಬೇಡ. ನಿನ್ನನ್ನು ಕಾಣದೆ ನಿಮ್ಮವ್ವ ನಿನ್ನೆಯಿಂದ ಹುಲ್ಲು ಮುಟ್ಟಿಲ್ಲ. ಬೇಲಿಯಾಚೆ ಆ ಹುಣಸೆಮರದಡಿ ನಿಂತು ಕೂಗು. ಅವಳನ್ನು ನಾನು ಬಾಗಿಲಿಗೆ ಕರೆತರುತ್ತೇನೆ.”

ಕೌಲಿ ಮರದಡಿ ನಿಂತು ಕೂಗಿತು. ಮುದಿ ಹಸು ಬಾಗಿಲಲ್ಲಿ ಕಿವಿ ನಿಮಿರಿಸಿತು.

“ಬಂದೆಯಾ ಮಗಳೇ? ಸರಿಯಾಗಿ ಕೇಳಿಸುತ್ತಿಲ್ಲ, ಹತ್ತಿರ ಬಾರೇ.”

ಕೌಲಿ ಒಂದು ಹೆಜ್ಜೆ ಮುಂದಿಟ್ಟಿತು. ಕಾಲ ಬಳಿ ಜೊಲ್ಲು ಬಿದ್ದದ್ದನ್ನು ನೋಡಿತು. ಎರಡು ಹೆಜ್ಜೆ ಹಿಂದೆ ಸರಿದು, ಗಂಟಲು ಬಿರಿಯುವಂತೆ ಇನ್ನೊಮ್ಮೆ ಕೂಗಿತು.

ಮುದಿ ಹಸು ಒಳಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿತು.