ಜಿಲೇಬಿ ಮೀನಿಗೆ ಹೇನು ಹತ್ತಿದ್ದು

ಅಳಬೇಡ ವೇಣಿ, ತಲೆ ಬಗ್ಗಿಸು. ಅಜ್ಜಿ ಹೇನು ಹೆಕ್ಕುತ್ತೇನೆ, ನೀನು ಕಥೆ ಕೇಳು.

ಲೋಕ ಆಗಿನ್ನೂ ಹಸಿಹಸಿ. ಕೆರೆಗೆ ನೀರು ಬಂದು ನಾಲ್ಕು ದಿನವಾಗಿತ್ತು ಅಷ್ಟೆ. ಗೆಂಡೆ ಮೀನುಗಳು ದಿನಾ ಮಧ್ಯಾಹ್ನ ಒಂದು ಚಪ್ಪಟೆ ಕಲ್ಲಿನ ಹತ್ತಿರ ಸೇರುತ್ತಿದ್ದವು. ಮೀನಿಗೂ ಹೇನಿರುತ್ತದೆ, ಗೊತ್ತಾ? ಕಲ್ಲಿಗೆ ಮೈ ಉಜ್ಜಿ ಹೇನು ಉದುರಿಸುವುದು ಅರ್ಧ, ಹರಟೆ ಅರ್ಧ.

ಒಂದು ದಿನ ದೂರದೇಶದಿಂದ ಹೊಳೆ ಹಿಡಿದು ಜಿಲೇಬಿ ಮೀನು ಬಂದಳು. ಅವಳ ಹೇನುಗಳೆಲ್ಲ ದಾರಿಯಲ್ಲೇ ಉದುರಿಹೋಗಿದ್ದವು. ಮೈ ಬೆಳಗಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಕೆರೆಯ ಹೇನುಗಳೂ ಹತ್ತಿರ ಹೋಗಲಿಲ್ಲ. "ಪರದೇಶದ ರಕ್ತ, ರುಚಿ ಹೇಗಿದೆಯೋ ಏನೋ" ಎಂದವು.

"ಊಟ ಆಯ್ತೇನವ್ವಾ?" ಎಂದು ಗೆಂಡೆಜ್ಜಿ ಕೇಳಿದಳು.

ಜಿಲೇಬಿ ಕೆನ್ನೆ ಉಬ್ಬಿಸಿಕೊಂಡು ಸುಮ್ಮನೆ ಹೋದಳು. ಮರುದಿನ ಕೇಳಿದರೂ ಸುಮ್ಮನೆ ಹೋದಳು.

"ಬಾಯಲ್ಲಿ ಕಡುಬು ಇಟ್ಕೊಂಡಿದಾಳೆ ನೋಡ್ರೇ, ಎಷ್ಟು ಜಂಬ!" ಎಂದು ಗೆಂಡೆಗಳೆಲ್ಲ ಮುಖ ತಿರುಗಿಸಿದವು.

ಕಡುಬಲ್ಲ ಮಗಾ, ಮಕ್ಕಳು. ಗುರುತಿಲ್ಲದ ಊರಲ್ಲಿ ಯಾರ ಹತ್ತಿರ ಬಿಟ್ಟುಹೋಗುತ್ತಾಳೆ? ಬಾಯಿ ತೆರೆದರೆ ದಡದಲ್ಲಿ ಕೊಕ್ಕರೆ ನಿಂತಿದೆ. ಪಾಪ, ಅವಳನ್ನು ನೆನೆದರೆ ನನಗೇ ಸಂಕಟವಾಗುತ್ತದೆ.

ಕೊನೆಗೆ ಒಂದು ತುಂಟ ಹೇನಿಗೆ ತಡೆಯಲಾಗಲಿಲ್ಲ. ಈಜಿ ಹೋಗಿ ಅವಳ ಬೆನ್ನಿಗೆ ಕಚ್ಚಿತು. ಕಡಿತವನ್ನೇ ಮರೆತಿದ್ದ ಜಿಲೇಬಿ "ಅಯ್ಯಯ್ಯೋ!" ಎಂದಳು. ಬಾಯಿಂದ ಸಾಸಿವೆ ಚೆಲ್ಲಿದ ಹಾಗೆ ಮಕ್ಕಳು ಹೊರಗೆ ಬಿದ್ದರು. ಕೊಕ್ಕರೆ ಕತ್ತು ಚಾಚಿತು.

"ಅಯ್ಯೋ, ಮಕ್ಕಳು ಕಣ್ರೇ!" ಗೆಂಡೆಜ್ಜಿ ಕೂಗಿಕೊಂಡಳು.

ಗೆಂಡೆಗಳೆಲ್ಲ ಬಾಲ ಬಡಿದು ಕೆಸರೆಬ್ಬಿಸಿದವು. ನೀರು ರಾಡಿಯಾಗಿ ಕೊಕ್ಕರೆಗೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ಮಕ್ಕಳು ತಾಯಿಯ ಬಾಯಿಗೆ ವಾಪಸು ನುಗ್ಗಿದರು. ಒಬ್ಬರೂ ಕಮ್ಮಿಯಾಗಲಿಲ್ಲ.

"ಮೊದಲೇ ಹೇಳಬಾರದಾ?" ಎಂದ ಗೆಂಡೆಜ್ಜಿ ತಾನೇ ನಕ್ಕಳು. "ಹೇಗೆ ಹೇಳ್ತೀಯ ಬಿಡು. ಬಾ, ಈ ಕಲ್ಲಿಗೆ ಬೆನ್ನು ಉಜ್ಜು. ನಮ್ಮ ಕೆರೆ ಹೇನು ಹತ್ತಿತು ಅಂದ್ಮೇಲೆ ನೀನೂ ನಮ್ಮವಳೇ."

ಕೊಕ್ಕರೆ ಇನ್ನೂ ದಡದಲ್ಲೇ ಇದೆಯಲ್ಲ, ಅದಕ್ಕೇ ಜಿಲೇಬಿ ಮೀನು ಇವತ್ತಿಗೂ ಮರಿಗಳನ್ನು ಬಾಯಲ್ಲಿಟ್ಟು ಸಾಕುತ್ತದೆ. ಕೆರೆಯ ಕಲ್ಲಿನ ಹತ್ತಿರ ಮೀನುಗಳು ಮಗ್ಗುಲಾಗಿ ಫಳಕ್ಕನೆ ಹೊಳೆಯುವುದೂ ಅದಕ್ಕೇ, ಹೇನು ಉಜ್ಜಿಕೊಳ್ಳುತ್ತಿರುತ್ತವೆ.

ಹೊಸ ಶಾಲೆಯಲ್ಲಿ ಯಾರೂ ಮಾತಾಡಿಸಲ್ಲ ಅಂತ ತಿಂಗಳಿಡೀ ಅತ್ತೆ. ಇವತ್ತು ಹೇನು ಬಂತು ಅಂತ ಅಳುತ್ತಿದ್ದೀಯ. ಹೇನಿಗೇನು ರೆಕ್ಕೆ ಇದೆಯಾ ವೇಣಿ? ಹೇಳು, ಯಾರ ತಲೆಗೆ ತಲೆ ತಾಗಿಸಿ ಕೂತಿದ್ದೆ?